ಹಳೆಯ ಮನೆಯ ನೀರಿನ ಕೊಳವೆಗಳು

ಮನೆಯ ಹಂಚು ಒಡೆದರೆ ಮೊದಲನೆಯ ಮಳೆಯೇ ಅದನ್ನು ತಿಳಿಸುವದು. ತೊಲೆಗೆ ಗೆದ್ದಲು ಹಿಡಿದರೆ ಗೋಡೆಯ ಮೇಲೆ ಮಣ್ಣಿನ ಗೆರೆ ಕಾಣುವದು. ಆದರೆ ಗೋಡೆಯೊಳಗೂ ನೆಲದಡಿಯಲ್ಲಿಯೂ ಹುದುಗಿರುವ ನೀರಿನ ಕೊಳವೆ ಕೆಟ್ಟದ್ದು ಬಹುಕಾಲ ಯಾರಿಗೂ ತಿಳಿಯುವದಿಲ್ಲ. ನಲ್ಲಿಯನ್ನು ತಿರುಗಿಸಿದರೆ ನೀರು ಬರುವದು. ಅಷ್ಟರಿಂದಲೇ ಎಲ್ಲವೂ ಸರಿಯಾಗಿದೆಯೆಂದು ನಾವು ಭಾವಿಸುವೆವು. ಈ ಶಾಲೆಯಲ್ಲಿ ಕಲಿತು ಹೊರಟವರಲ್ಲಿ ಅನೇಕರು ಈಗ ಅತ್ತೆಮಾವಂದಿರು ಕಟ್ಟಿಸಿದ, ಇಲ್ಲವೆ ತಾಯಿತಂದೆಗಳಿಂದ ಬಂದ, ಐವತ್ತು ಅರುವತ್ತು ವರ್ಷದ ಮನೆಗಳಲ್ಲಿ ಸಂಸಾರ ನಡಿಸುತ್ತಿದ್ದಾರೆ. ಅಂಥವರ ಉಪಯೋಗಕ್ಕೆಂದು, ನಾವು ಸ್ವಂತ ತಪ್ಪಿನಿಂದ ಕಲಿತದ್ದನ್ನೂ ತಿಳಿದವರಿಂದ ಕೇಳಿ, ಓದಿ ಅರಿತುಕೊಂಡದ್ದನ್ನೂ ಇಲ್ಲಿ ಬರೆಯುತ್ತೇವೆ.

ನಮ್ಮ ಮನೆಯು ಕರಾವಳಿಯ ಒಂದು ಪಟ್ಟಣದಲ್ಲಿದೆ; ಮುರಕಲ್ಲಿನ ಗೋಡೆ, ಹಂಚಿನ ಮಾಡು. ಮಾವನವರು ಅದನ್ನು ಕಟ್ಟಿಸಿದ ಕಾಲದಲ್ಲಿ ಬಾವಿಯೊಂದೇ ನೀರಿಗೆ ಆಧಾರವಾಗಿತ್ತು. ಅನಂತರ ಪುರಸಭೆಯ ನೀರು ಬಂದಾಗ ಕಬ್ಬಿಣದ ಕೊಳವೆಯನ್ನು ಅಂಗಳದ ಚರಂಡಿಯ ಬದಿಯಲ್ಲಿಯೇ ಹೂಳಿಸಿ ಅಡಿಗೆಮನೆಗೆ ತಂದರು. ಕೆಲವು ವರ್ಷಗಳ ಹಿಂದೆ ನಲ್ಲಿಯ ನೀರು ಸಣ್ಣಗಾಗುತ್ತ ಬಂತು. ಬೆಳಿಗ್ಗೆ ತುಂಬುವ ಮೊದಲನೆಯ ಚೊಂಬು ಕೆಂಪಾಗಿರುತ್ತಿತ್ತು. "ಆ ಪೈಪನ್ನು ಒಮ್ಮೆ ಅಗೆಸಿ ನೋಡು ಮಗಳೇ" ಎಂದು ಅತ್ತೆಯವರು ಎರಡು ಮೂರು ಸಾರಿ ಹೇಳಿದರು. ನಾವು ಕೇಳಲಿಲ್ಲ. ಅಗೆಸುವ ಖರ್ಚಿಗೆ ಹಿಂಜರಿದು, ಬೀದಿಯಿಂದ ಬರುವ ಆ ಕೊಳವೆಗೇ ನೇರವಾಗಿ ಒಂದು ಸಣ್ಣ ಪಂಪನ್ನು ಜೋಡಿಸಿದೆವು. ನೀರು ಧಾರಾಳವಾಗಿ ಬಂತು. ನಮ್ಮ ಬುದ್ಧಿಯನ್ನು ನಾವೇ ಮೆಚ್ಚಿಕೊಂಡೆವು.

ಆ ಮಳೆಗಾಲದಲ್ಲಿ ಹತ್ತನೆಯ ತರಗತಿಯಲ್ಲಿದ್ದ ನಮ್ಮ ಮಗಳಿಗೆ ಕಾಮಾಲೆ ಬಂತು. ವಾರ ಕಳೆಯುವದರೊಳಗೆ ಅವಳ ತಮ್ಮನ ಕಣ್ಣೂ ಹಳದಿಯಾಯಿತು. ವೈದ್ಯರು ಮೊದಲು ಕೇಳಿದ್ದು, "ಕುಡಿಯುವ ನೀರು ಎಲ್ಲಿಂದ ಬರುತ್ತದಮ್ಮಾ? ಕುದಿಸುತ್ತೀರೋ?" ಎಂಬದೇ. ನಾವು ಬಟ್ಟೆಯಲ್ಲಿ ಸೋಸುತ್ತಿದ್ದೆವೇ ಹೊರತು ಕುದಿಸುತ್ತಿರಲಿಲ್ಲ. ಅಗೆಸಿ ನೋಡಿದಾಗ, ಚರಂಡಿಯ ಬದಿಯಲ್ಲಿದ್ದ ಕೊಳವೆಯು ಒಂದು ಗೇಣಿನಷ್ಟು ಉದ್ದಕ್ಕೆ ತುಕ್ಕು ತಿಂದು ಜರಡಿಯಂತಾಗಿತ್ತು. ನಮ್ಮ ಪಂಪು ಬೀದಿಯ ನೀರಿನೊಡನೆ ಚರಂಡಿಯ ನೀರನ್ನೂ ಹೀರಿ ಮಕ್ಕಳ ಲೋಟಕ್ಕೆ ತಂದಿತ್ತು. ಮಕ್ಕಳು ಗುಣಹೊಂದಿದರು. ಆದರೂ ಮಗಳಿಗೆ ಆ ವರ್ಷ ಎರಡು ತಿಂಗಳ ಪಾಠ ತಪ್ಪಿತು. ಅತ್ತೆಯವರ ಮುಂದೆ ನಾವು ತಲೆಯೆತ್ತಿ ಮಾತಾಡಲು ಬಹುದಿನ ಬೇಕಾಯಿತು.

ಇದರಿಂದ ನಾವು ಕಲಿತದ್ದೇನೆಂದರೆ, ಕೊಳವೆಯು ಯಾವ ವಸ್ತುವಿನದು, ಅದಕ್ಕೆ ಬಂದ ಕೇಡು ಯಾವದು ಎಂಬದನ್ನು ತಿಳಿಯದೆ ಮಾಡುವ ಅರೆ ದುರಸ್ತಿಯು, ಏನೂ ಮಾಡದೆ ಇರುವದಕ್ಕಿಂತಲೂ ಕೆಟ್ಟದ್ದಾಗಬಹುದು. ಒಂದೊಂದು ಬಗೆಯ ಕೊಳವೆಗೆ ಒಂದೊಂದು ಬಗೆಯ ರೋಗವುಂಟು. ಒಂದರ ಔಷಧವು ಮತ್ತೊಂದಕ್ಕೆ ಸಲ್ಲದು.

ಗೋಡೆಯೊಳಗೆ ಏನಿದೆ?

ನಮ್ಮ ನಾಡಿನಲ್ಲಿ ಕೊಳವೆಯ ನೀರು ಬಹಳ ಪುರಾತನವಾದದ್ದಲ್ಲ. ಬೆಂಗಳೂರಿಗೆ ಹೆಸರಘಟ್ಟದ ಕೆರೆಯಿಂದ ಕೊಳವೆಗಳ ಮೂಲಕ ನೀರು ಬಂದದ್ದು ೧೮೯೬ರಲ್ಲಿ. ತಿಪ್ಪಗೊಂಡನಹಳ್ಳಿಯ ಜಲಾಶಯದಿಂದ ಬಂದದ್ದು ೧೯೩೩ರಲ್ಲಿ. ಕಾವೇರಿಯ ನೀರು ಬಂದದ್ದು ೧೯೭೪ರಲ್ಲಿ. ಚಿಕ್ಕ ಪಟ್ಟಣಗಳಿಗೆ ಇನ್ನೂ ತಡವಾಗಿ ಬಂತು. ಆದ್ದರಿಂದ ಒಂದೇ ಮನೆಯಲ್ಲಿ ಅಜ್ಜನ ಕಾಲದ ಒಂದು ಬಗೆಯ ಕೊಳವೆ, ತಂದೆಯ ಕಾಲದ ಮತ್ತೊಂದು ಬಗೆ, ಮೊನ್ನೆ ಕೂಡಿಸಿದ ಪ್ಲಾಸ್ಟಿಕ್ಕಿನ ತುಂಡು, ಇವು ಮೂರೂ ಒಂದರ ಬಾಲಕ್ಕೆ ಒಂದು ಅಂಟಿಕೊಂಡಿರುವದನ್ನು ಕಾಣಬಹುದು.

ಯಾವದು ಯಾವದೆಂದು ಗುರುತಿಸಲು ದೊಡ್ಡ ವಿದ್ಯೆ ಬೇಕಾಗಿಲ್ಲ. ಒಂದು ಅಯಸ್ಕಾಂತವೂ ಒಂದು ಹಳೆಯ ಚಾಕುವೂ ಸಾಕು. ನೀರು ಮನೆಯೊಳಗೆ ಬರುವ ಸ್ಥಳದಲ್ಲಿ, ಮೀಟರಿನ ಹತ್ತಿರ, ಕೊಳವೆಯ ಮೇಲಿನ ಬಣ್ಣವನ್ನೂ ಕೊಳೆಯನ್ನೂ ಒರಸಿ ಮೆಲ್ಲಗೆ ಕೆರೆಯಿರಿ. ಅಯಸ್ಕಾಂತವು ಅಂಟಿದರೆ ಅದು ಕಬ್ಬಿಣ. ಅಂಟದೆ, ಕೆರೆದಲ್ಲಿ ತಾಮ್ರದ ಕಾಸಿನ ಬಣ್ಣ ತೋರಿದರೆ ತಾಮ್ರ. ಅಂಟದೆ, ಚಾಕುವಿಗೆ ಮೆತ್ತಗೆ ಬಗ್ಗಿ, ಮಂಕಾದ ಬೂದು ಬಣ್ಣದ ಕೆಳಗೆ ಬೆಳ್ಳಿಯಂತೆ ಹೊಳೆದರೆ ಅದು ಸೀಸ; ಆಗ ಕೂಡಲೆ ಎಚ್ಚರಗೊಳ್ಳತಕ್ಕದ್ದು. ಬೆರಳಿನಿಂದ ತಟ್ಟಿದಾಗ ಟೊಳ್ಳಾದ ಮೊಂಡು ಸದ್ದು ಬಂದರೆ ಪ್ಲಾಸ್ಟಿಕ್.

ಸೀಸದ ಕೊಳವೆ

ನಲ್ಲಿ ಕೆಲಸದವನಿಗೆ ಇಂಗ್ಲಿಷಿನಲ್ಲಿರುವ ಪ್ಲಂಬರ್ ಎಂಬ ಹೆಸರು, ಸೀಸಕ್ಕಿರುವ ಲ್ಯಾಟಿನ್ ಹೆಸರಿನಿಂದ ಹುಟ್ಟಿದ್ದು. ರೋಮನರು ಸೀಸದ ಕೊಳವೆಗಳನ್ನು ಹೇರಳವಾಗಿ ಬಳಸಿದರು. ಆದರೂ ಅವರಲ್ಲಿಯೇ ವಿಟ್ರೂವಿಯಸ್ ಎಂಬ ವಾಸ್ತುಶಿಲ್ಪಿಯು, ಸೀಸದ ಕೊಳವೆಯ ನೀರಿಗಿಂತ ಮಣ್ಣಿನ ಕೊಳವೆಯ ನೀರು ಆರೋಗ್ಯಕ್ಕೆ ಒಳ್ಳೆಯದೆಂದು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟನು. ಸೀಸವು ಮೆತ್ತಗಿರುವದರಿಂದ ಬೇಕಾದ ಹಾಗೆ ಬಗ್ಗಿಸಬಹುದು, ತುಕ್ಕು ಹಿಡಿಯುವದಿಲ್ಲ, ಬಹುಕಾಲ ಬಾಳುವದು. ಈ ಗುಣಗಳನ್ನು ನೋಡಿಯೇ ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಬೀದಿಯ ದೊಡ್ಡ ಕೊಳವೆಯಿಂದ ಮನೆಗೆ ಬರುವ ತುಂಡನ್ನು ಸೀಸದಿಂದ ಮಾಡುವ ವಾಡಿಕೆ ಇಪ್ಪತ್ತನೆಯ ಶತಮಾನದಲ್ಲಿಯೂ ನಡೆದುಬಂತು. ಅಮೆರಿಕದಲ್ಲಿ ಹೊಸದಾಗಿ ಸೀಸದ ಕೊಳವೆ ಹಾಕುವದನ್ನು ಕಾನೂನಿನಿಂದ ನಿಷೇಧಿಸಿದ್ದು ೧೯೮೬ರಲ್ಲಿ.

ಸೀಸವು ನೀರಿನಲ್ಲಿ ಕರಗಿದರೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಅದು ಮೈಯಲ್ಲಿ ನಿಧಾನವಾಗಿ ಕೂಡುತ್ತ ಎಲುಬಿನಲ್ಲಿ ನೆಲಸುವದು. ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಅದು ಕೆಡಿಸುವದು. ಗರ್ಭಿಣಿಯ ಮೈಯಿಂದ ಗರ್ಭದ ಶಿಶುವಿಗೂ ಹೋಗುವದು. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ತೊಂದರೆಯಿಲ್ಲ ಎಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂಬದು ಇಂದಿನ ವೈದ್ಯಶಾಸ್ತ್ರದ ಮತ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ ೦.೦೧ ಮಿಲಿಗ್ರಾಮಿಗಿಂತ ಹೆಚ್ಚು ಸೀಸ ಇರಕೂಡದು.

ಇಲ್ಲಿ ಒಂದು ಮಾತನ್ನು ತಾಯಂದಿರು ಮುಖ್ಯವಾಗಿ ನೆನಪಿಡಬೇಕು. ಕುದಿಸುವದರಿಂದ ರೋಗದ ಕ್ರಿಮಿಗಳು ಸಾಯುವವು. ಆದರೆ ಸೀಸವು ಹೋಗುವದಿಲ್ಲ. ನೀರು ಆವಿಯಾಗಿ ಕಡಮೆಯಾದಷ್ಟೂ ಉಳಿದ ನೀರಿನಲ್ಲಿ ಸೀಸದ ಪಾಲು ಹೆಚ್ಚುವದು. ಸಾಮಾನ್ಯ ಮೇಣದಬತ್ತಿಯಾಕಾರದ ಸೋಸುಕವೂ ಕರಗಿದ ಸೀಸವನ್ನು ತಡೆಯಲಾರದು; ಆರ್.ಓ. ಎನ್ನುವ ಯಂತ್ರವು ತಡೆಯಬಲ್ಲದು.

ನಮ್ಮ ಊರುಗಳ ಮನೆಗಳಲ್ಲಿ ಕಬ್ಬಿಣದ ಕೊಳವೆಯೇ ಹೆಚ್ಚು. ಸೀಸದ ಕೊಳವೆ ಅಪರೂಪ. ಆದರೂ ಸೀಸವು ಬೇರೆ ದಾರಿಗಳಿಂದ ಒಳಗೆ ಬರುವದುಂಟು: ತಾಮ್ರದ ಕೊಳವೆಗೆ ಹಾಕಿದ ಹಳೆಯ ಬೆಸುಗೆಯಿಂದ, ಸೀಸ ಬೆರಸಿದ ಹಿತ್ತಾಳೆಯ ನಲ್ಲಿಯಿಂದ, ಪಿ.ವಿ.ಸಿ. ಕೊಳವೆಯನ್ನು ತಯಾರಿಸುವಾಗ ಕೂಡಿಸುತ್ತಿದ್ದ ಸೀಸದ ಲವಣಗಳಿಂದ. ಈ ಲವಣಗಳ ಬಳಕೆಯನ್ನು ನಿಲ್ಲಿಸುವದಕ್ಕಾಗಿ ಭಾರತ ಸರಕಾರವು ನಿಯಮಗಳನ್ನು ಹೊರಡಿಸಿದ್ದು ೨೦೨೧ರಲ್ಲಿ. ಅದಕ್ಕೆ ಮುಂಚಿನ ಪ್ಲಾಸ್ಟಿಕ್ ಕೊಳವೆಯನ್ನು ಅದು ಪ್ಲಾಸ್ಟಿಕ್ ಎಂಬ ಮಾತ್ರಕ್ಕೆ ನಿರ್ದೋಷಿಯೆಂದು ತಿಳಿಯಲಾಗದು.

ನೀರು ಬದಲಾದರೆ ಕೊಳವೆಯೂ ಬದಲಾಗುವದು

ಹಳೆಯ ಕೊಳವೆಯೂ ಅದರಲ್ಲಿ ಹರಿಯುವ ನೀರೂ ಬಹುಕಾಲ ಒಡನಾಡಿ ಒಂದು ಬಗೆಯ ಒಪ್ಪಂದಕ್ಕೆ ಬಂದಿರುತ್ತವೆ. ಕೊಳವೆಯ ಒಳಗೋಡೆಗೆ ಲವಣಗಳ ತೆಳುವಾದ ಹೊದಿಕೆ ಹತ್ತಿ, ಲೋಹವು ನೀರಿಗೆ ತಾಗದಂತೆ ಕಾಪಾಡುತ್ತದೆ. ನೀರಿನ ಗುಣ ಬದಲಾದರೆ ಈ ಹೊದಿಕೆ ಕರಗಿಹೋಗಬಹುದು. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರಕ್ಕೆ ೧೮೫೯ರಲ್ಲಿ ಕ್ಯಾಟ್ರಿನ್ ಸರೋವರದಿಂದ ನಿರ್ಮಲವಾದ ಮೃದು ನೀರನ್ನು ತಂದರು. ಮೃದು ನೀರು ಸೀಸವನ್ನು ಹೆಚ್ಚು ಕರಗಿಸುವದಾದ್ದರಿಂದ, ಮನೆಗಳ ಸೀಸದ ಕೊಳವೆಗಳಿಂದ ಆ ನೀರು ಸೀಸವನ್ನು ಹೊತ್ತು ಬರುತ್ತಿತ್ತು. ಇಪ್ಪತ್ತನೆಯ ಶತಮಾನದ ಕಡೆಯ ಭಾಗದಲ್ಲಿ ನೀರಿಗೆ ಸುಣ್ಣವನ್ನೂ ಅನಂತರ ಫಾಸ್ಫೇಟನ್ನೂ ಬೆರಸಿ ಅದನ್ನು ತಗ್ಗಿಸಬೇಕಾಯಿತು. ಅಮೆರಿಕದ ಮಿಶಿಗನ್ ಸಂಸ್ಥಾನದ ಫ್ಲಿಂಟ್ ಎಂಬ ನಗರದಲ್ಲಿ ೨೦೧೪ರಲ್ಲಿ ಖರ್ಚು ಉಳಿಸುವದಕ್ಕೆಂದು ನೀರಿನ ಮೂಲವನ್ನು ಬದಲಿಸಿ ಫ್ಲಿಂಟ್ ನದಿಯ ನೀರನ್ನು ಬಿಟ್ಟರು. ಕೊಳವೆಯನ್ನು ತಿನ್ನದಂತೆ ಬೆರಸಬೇಕಾದ ದ್ರವ್ಯವನ್ನು ಬೆರಸಲಿಲ್ಲ. ಹಳೆಯ ಹೊದಿಕೆ ಕಳಚಿ ಸೀಸವು ಮನೆಮನೆಯ ನಲ್ಲಿಗೆ ಬಂತು. ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿದ್ದು ಪರೀಕ್ಷೆಯಿಂದ ತಿಳಿಯಿತು. ೨೦೧೫ರ ಅಕ್ಟೋಬರಿನಲ್ಲಿ ಹಿಂದಿನ ನೀರಿಗೆ ಮರಳಿದರೂ ಆದ ಕೇಡು ಆಗಿಯೇ ಹೋಗಿತ್ತು.

ನಮ್ಮಲ್ಲಿಯೂ ನೀರಿನ ಮೂಲವು ಬದಲಾಗುತ್ತಲೇ ಇರುವದು. ಮಳೆಗಾಲದಲ್ಲಿ ನದಿಯ ನೀರು, ಬೇಸಗೆಯಲ್ಲಿ ಕೊಳವೆಬಾವಿಯ ನೀರು, ಅದೂ ಸಾಲದಿದ್ದರೆ ಟ್ಯಾಂಕರಿನ ನೀರು. ಕರಾವಳಿಯ ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಮೃದುವಾಗಿಯೂ ತುಸು ಆಮ್ಲವಾಗಿಯೂ ಇದ್ದು ಲೋಹವನ್ನು ತಿನ್ನುವದು. ಬಯಲುಸೀಮೆಯ ಕೊಳವೆಬಾವಿಯ ನೀರು ಹೆಚ್ಚಾಗಿ ಗಡಸು. ಅದು ಕೊಳವೆಯೊಳಗೆ ಬಿಳಿಯ ಗಾರೆಯಂತೆ ಕಟ್ಟಿಕೊಳ್ಳುವದು. ಆದುದರಿಂದ ಮನೆಗೆ ಬರುವ ನೀರಿನ ಮೂಲ ಬದಲಾದಾಗಲೆಲ್ಲ ಕೆಲವು ದಿನ ನಲ್ಲಿಯ ನೀರನ್ನು ಹೊಸದಾಗಿ ಗಮನಿಸುವದು ಒಳ್ಳೆಯದು.

ಸತುವಿನ ಲೇಪದ ಕಬ್ಬಿಣ

ನಮ್ಮ ಹಳೆಯ ಮನೆಗಳಲ್ಲಿ ಹೆಚ್ಚಾಗಿ ಕಾಣುವದು ಜಿ.ಐ. ಪೈಪು, ಎಂದರೆ ಸತುವನ್ನು ಲೇಪಿಸಿದ ಕಬ್ಬಿಣದ ಕೊಳವೆ. ಕರಗಿದ ಸತುವಿನಲ್ಲಿ ಕಬ್ಬಿಣವನ್ನು ಅದ್ದಿ ತೆಗೆಯುವ ಈ ವಿಧಾನಕ್ಕೆ ಫ್ರಾನ್ಸಿನ ಸೊರೆಲ್ ಎಂಬ ಇಂಜಿನಿಯರನು ೧೮೩೭ರಲ್ಲಿ ಹಕ್ಕು ಪಡೆದನು. ಸತುವು ಕಬ್ಬಿಣಕ್ಕಿಂತ ಮೊದಲು ತಾನು ಸವೆದು ಕಬ್ಬಿಣವನ್ನು ಉಳಿಸುವದು. ಆದರೆ ಆ ಲೇಪವು ಕಾಗದದಷ್ಟು ತೆಳುವಾದದ್ದು. ಅದು ತೀರಿದ ಮೇಲೆ ಕಬ್ಬಿಣದ ಸರದಿ ಬರುವದು. ಸಾಮಾನ್ಯವಾಗಿ ನಾಲ್ವತ್ತು ಐವತ್ತು ವರ್ಷ ಬಾಳುವ ಕೊಳವೆಯು ಕೆಟ್ಟ ನೀರಿನಲ್ಲಿ ಅದರ ಅರ್ಧ ಕಾಲವೂ ಬಾಳದು. ಬಿಸಿನೀರು ಹರಿಯುವ ಕೊಳವೆಯು ತಣ್ಣೀರಿನದಕ್ಕಿಂತ ಬೇಗ ಕೆಡುವದು. ಎಲ್ಲಕ್ಕಿಂತ ಮೊದಲು ಸೋರುವದು ಜೋಡಣೆಯ ಸ್ಥಳದಲ್ಲಿ. ಯಾಕಂದರೆ ತಿರುಪು ಕೊರೆದಲ್ಲಿ ಕಬ್ಬಿಣವೂ ತೆಳು, ಸತುವೂ ಇಲ್ಲ.

ತುಕ್ಕು ಬರಿಯ ಬಣ್ಣವಲ್ಲ. ಕಬ್ಬಿಣವು ತುಕ್ಕಾದಾಗ ಮೊದಲಿದ್ದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಸ್ಥಳವನ್ನು ಹಿಡಿಯುವದು. ಆದ್ದರಿಂದ ಕೊಳವೆಯ ಒಳಗೆ ಗಂಟುಗಂಟಾಗಿ ಬೆಳೆದು ದಾರಿಯನ್ನು ಕಟ್ಟುವದು. ಅರ್ಧ ಅಂಗುಲದ ಬಾಯಿ ಕಾಲು ಅಂಗುಲವಾದರೆ ನೀರು ಅರ್ಧವಾಗುವದೆಂದು ತೋರಬಹುದು, ಹಾಗಲ್ಲ. ದಾರಿಯ ವಿಸ್ತಾರವು ಕಾಲು ಪಾಲಾಗುವದು. ಘರ್ಷಣೆಯೂ ಹೆಚ್ಚುವದರಿಂದ, ಒತ್ತಡ ಅಷ್ಟೇ ಇದ್ದರೂ ಬರುವ ನೀರು ಸುಮಾರು ಆರರಲ್ಲಿ ಒಂದು ಪಾಲಿಗೆ ಇಳಿಯುವದು. ನಮ್ಮ ಮನೆಯ ಎಲ್ಬೋ ಒಂದನ್ನು ಕಳಚಿದಾಗ ಅದರೊಳಗೆ ಒಂದು ಪೆನ್ಸಿಲು ಕೂಡ ಹೋಗಲಿಲ್ಲ.

ಇಂಥ ಕೊಳವೆಯನ್ನು ಅರೆಯಾಗಿ ದುರಸ್ತಿ ಮಾಡುವಲ್ಲಿ ಮೂರು ಅಪಾಯಗಳುಂಟು. ಮೊದಲನೆಯದು, ಒತ್ತಡ ಹೆಚ್ಚಿಸುವ ಪಂಪು. ಒಳಗೆ ಕಟ್ಟಿಕೊಂಡ ಕೊಳವೆಯು ಹೊರಗೆ ತೆಳುವಾಗಿಯೂ ಇರುವದು. ಒತ್ತಡ ಹೆಚ್ಚಿದರೆ ಗೋಡೆಯೊಳಗೇ ಒಡೆಯುವದು. ಎರಡನೆಯದು, ಹಳೆಯ ಕಬ್ಬಿಣಕ್ಕೆ ತಾಮ್ರವನ್ನಾಗಲಿ ಹಿತ್ತಾಳೆಯನ್ನಾಗಲಿ ನೇರವಾಗಿ ಜೋಡಿಸುವದು. ಎರಡು ಬೇರೆ ಲೋಹಗಳು ನೀರಿನಲ್ಲಿ ಕೂಡಿದಲ್ಲಿ ಒಂದು ಸಣ್ಣ ವಿದ್ಯುತ್ ಕೋಶವೇ ಏರ್ಪಟ್ಟು ಕಬ್ಬಿಣವು ಬೇಗ ಸವೆಯುವದು. ಮೂರನೆಯದು, ಸೋರುವ ತುಂಡನ್ನು ಮಾತ್ರ ಕತ್ತರಿಸಿ ಹೊಸದನ್ನು ಕೂಡಿಸುವದು. ತಿರುಪುವ ಬಲಕ್ಕೆ ಪಕ್ಕದ ಹಳೆಯ ಜೋಡಣೆಗಳು ಅಲುಗಿ, ಇವತ್ತು ಇಲ್ಲಿ ಮುಚ್ಚಿದ ಸೋರಿಕೆ ನಾಳೆ ಅಲ್ಲಿ ತೆರೆಯುವದು. ಸೀಸದ ಕೊಳವೆಯಾದರೆ ಇದು ಇನ್ನೂ ಕೆಟ್ಟದ್ದು. ಅರ್ಧ ಕತ್ತರಿಸಿದಾಗ ಉಳಿದರ್ಧದ ಹೊದಿಕೆ ಕದಲಿ, ಕೆಲವು ವಾರಗಳ ತನಕ ನೀರಿನಲ್ಲಿ ಸೀಸವು ಮೊದಲಿಗಿಂತಲೂ ಹೆಚ್ಚಬಹುದು.

ನೀರು ನಿಂತಾಗ ನಡೆಯುವ ಕೆಲಸ

ಕೊಳವೆಯಲ್ಲಿ ನೀರು ಒತ್ತಡದಿಂದ ತುಂಬಿ ಹರಿಯುವಾಗ ತೂತಿದ್ದರೆ ಒಳಗಿನ ನೀರು ಹೊರಗೆ ಹೋಗುವದು. ಇದರಿಂದ ನಷ್ಟವುಂಟು, ರೋಗವಿಲ್ಲ. ಆದರೆ ನಮ್ಮ ಪಟ್ಟಣಗಳಲ್ಲಿ ನೀರು ದಿನಕ್ಕೆ ಕೆಲವು ತಾಸು, ಕೆಲವೆಡೆ ವಾರಕ್ಕೆ ಒಂದೆರಡು ದಿನ ಬಂದು ನಿಲ್ಲುವದು. ನಿಂತಾಗ ಕೊಳವೆಯು ಬರಿದಾಗುವದು. ಆಗ ಹೊರಗಿನ ಕೊಳೆನೀರು ಅದೇ ತೂತಿನಿಂದ ಒಳಗೆ ಸೇರುವದು. ಪಂಪಿನಿಂದ ಬೀದಿಯ ಕೊಳವೆಯನ್ನು ನೇರವಾಗಿ ಎಳೆದರೆ ನಾವೇ ಅದನ್ನು ಹೀರಿ ತಂದ ಹಾಗಾಯಿತು. ಇದು ನೀರಿನ ಇಲಾಖೆಗಳ ನಿಯಮಕ್ಕೂ ವಿರುದ್ಧ. ವಿಷಮಶೀತಜ್ವರ, ವಾಂತಿಭೇದಿ, ಕಾಮಾಲೆ ಇವೆಲ್ಲ ಈ ದಾರಿಯಿಂದ ಬರಬಲ್ಲವು.

ನಮ್ಮ ಸೀಮೆಯಲ್ಲಿಯೇ ಇದಕ್ಕೆ ದೃಷ್ಟಾಂತವುಂಟು. ೨೦೦೮ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳ ಕೆಲವು ಭಾಗಗಳಲ್ಲಿ ಕೊಳವೆಗಳನ್ನು ಹೊಸದಾಗಿ ಹಾಕಿ ಹಗಲಿರುಳೂ ನೀರು ಬರುವಂತೆ ಮಾಡಿದರು. ಹುಬ್ಬಳ್ಳಿ-ಧಾರವಾಡದಲ್ಲಿ ಆ ಭಾಗದ ನಲ್ಲಿನೀರನ್ನು, ಬಿಟ್ಟುಬಿಟ್ಟು ನೀರು ಬರುವ ಭಾಗದ ನಲ್ಲಿನೀರಿನೊಡನೆ ಹೋಲಿಸಿ ಪರೀಕ್ಷಿಸಿದವರು, ಮಲದ ಸೋಂಕನ್ನು ಸೂಚಿಸುವ ಕ್ರಿಮಿಗಳು ಮೊದಲನೆಯದರಲ್ಲಿ ಬಹಳ ಕಡಮೆಯೆಂದು ಕಂಡರು. ಎರಡು ಕಡೆಗೂ ನೀರಿನ ಮೂಲ ಬೇರೆಯಾಗಿರಲಿಲ್ಲ. ಕೊಳವೆಯ ಸ್ಥಿತಿಯೂ ನೀರು ನಿಲ್ಲುವ ಕ್ರಮವೂ ಬೇರೆಯಾಗಿದ್ದವು.

ಆದುದರಿಂದ ಬೀದಿಯ ನೀರನ್ನು ಅದರ ಒತ್ತಡದಿಂದಲೇ ಅಂಗಳದ ಸಂಪಿಗೆ ಬೀಳಿಸಬೇಕು. ಸಂಪಿನಿಂದ ಮೇಲಿನ ತೊಟ್ಟಿಗೆ ಪಂಪಿನಿಂದ ಏರಿಸಬೇಕು. ಬಚ್ಚಲಿನ ಹಾಗೂ ಪಾಯಿಖಾನೆಯ ಕೊಳವೆಗಳ ಪಕ್ಕದಲ್ಲಿ ಕುಡಿಯುವ ನೀರಿನ ಕೊಳವೆಯನ್ನು ಹೂಳಬಾರದು; ಅದು ಚರಂಡಿಯಿಂದ ಸಾಧ್ಯವಾದಷ್ಟು ದೂರವಾಗಿಯೂ ಅದಕ್ಕಿಂತ ಮೇಲ್ಮಟ್ಟದಲ್ಲಿಯೂ ಇರಬೇಕು.

ಮನೆಯವರೇ ಮಾಡಬಹುದಾದ ಪರೀಕ್ಷೆ

ಕೆಲಸದವನನ್ನು ಕರೆಸುವ ಮೊದಲು ನಾವೇ ಒಂದು ದಿನ ಈ ಕೆಲಸಗಳನ್ನು ಮಾಡಿ ಕಾಗದದಲ್ಲಿ ಬರೆದಿಡಬೇಕು.

ಒಂದು: ಬೆಳಿಗ್ಗೆ ಯಾರೂ ನಲ್ಲಿ ತೆರೆಯುವ ಮೊದಲು ಬಿಳಿಯ ಗಾಜಿನ ಸೀಸೆಯಲ್ಲಿ ಮೊದಲನೆಯ ನೀರನ್ನು ಹಿಡಿಯಿರಿ, ಐದು ನಿಮಿಷ ಹರಿಸಿದ ಮೇಲೆ ಇನ್ನೊಂದು ಸೀಸೆಯಲ್ಲಿ ಹಿಡಿಯಿರಿ. ಮೊದಲನೆಯದು ಕೆಂಪು, ಎರಡನೆಯದು ತಿಳಿಯಾಗಿದ್ದರೆ ತುಕ್ಕು ಮನೆಯ ಕೊಳವೆಯಲ್ಲಿದೆ. ಎರಡೂ ಕೆಂಪಾಗಿದ್ದರೆ ತೊಟ್ಟಿಯನ್ನೂ ಬೀದಿಯ ಕೊಳವೆಯನ್ನೂ ಸಂಶಯಿಸತಕ್ಕದ್ದು.

ಎರಡು: ಹತ್ತು ಲೀಟರಿನ ಬಕೆಟ್ಟು ಒಂದೊಂದು ನಲ್ಲಿಯಲ್ಲಿಯೂ ಎಷ್ಟು ಹೊತ್ತಿಗೆ ತುಂಬುವದೆಂದು ಗಡಿಯಾರ ನೋಡಿ ಬರೆಯಿರಿ. ಒಂದೇ ಎತ್ತರದಲ್ಲಿರುವ ಎರಡು ನಲ್ಲಿಗಳಲ್ಲಿ ಬಹಳ ವ್ಯತ್ಯಾಸವಿದ್ದರೆ ನಿಧಾನವಾದದ್ದರ ದಾರಿ ಕಟ್ಟಿದೆ. ಆದರೆ ಮೊದಲು ನಲ್ಲಿಯ ಬಾಯಿಯ ಜಾಲರಿಯನ್ನು ಬಿಚ್ಚಿ ತೊಳೆದು ನೋಡಿರಿ. ಕೆಲವು ಸಾರಿ ದೋಷ ಅಷ್ಟೇ ಇರುವದು.

ಮೂರು: ರಾತ್ರಿ ಬೀದಿಯ ನೀರು ಬರುವ ಹೊತ್ತಿನಲ್ಲಿ ಮನೆಯ ನಲ್ಲಿಗಳನ್ನೂ ಸಂಪಿನ ಬಾಯಿಯನ್ನೂ ಮುಚ್ಚಿ ಮೀಟರಿನ ಅಂಕೆಯನ್ನು ಬರೆದಿಡಿರಿ. ಒಂದು ತಾಸಿನ ಮೇಲೆ ಅಂಕೆ ಮುಂದೆ ಹೋಗಿದ್ದರೆ ಎಲ್ಲಿಯೋ ಗುಪ್ತವಾಗಿ ಸೋರುತ್ತಿದೆ. ಸೆಕೆಂಡಿಗೆ ಒಂದು ಹನಿ ಬಿದ್ದರೂ ದಿನಕ್ಕೆ ನಾಲ್ಕು ಲೀಟರಿಗೆ ಕಡಮೆಯಾಗದು.

ನಾಲ್ಕು: ಗೋಡೆಯ ಬುಡದಲ್ಲಿ ಬೇಸಗೆಯಲ್ಲಿಯೂ ಆರದ ತೇವ, ಉಬ್ಬಿದ ಸುಣ್ಣ, ಅಂಗಳದ ಒಂದೇ ತಾವಿನಲ್ಲಿ ಸದಾ ಹಸುರಾಗಿರುವ ಹುಲ್ಲು, ಇವುಗಳನ್ನು ಗುರುತಿಸಿರಿ.

ಐದು: ಸೀಸದ ಸಂಶಯವಿದ್ದರೆ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು, ಕಣ್ಣಿನಿಂದಾಗಲಿ ನಾಲಿಗೆಯಿಂದಾಗಲಿ ಅದು ತಿಳಿಯದು. ಆರು ತಾಸಾದರೂ ಕೊಳವೆಯಲ್ಲಿ ನಿಂತ, ಮುಂಜಾನೆಯ ಮೊದಲನೆಯ ನೀರನ್ನೇ ಕೊಡಬೇಕು.

ಬದಲಿಸುವ ಕ್ರಮ

ಸೀಸದ ಕೊಳವೆಯಾದರೆ ಪೂರ್ತಿಯಾಗಿ ತೆಗೆಯಲೇಬೇಕು. ಅದರ ಮುಂದೆ ಬಹುಕಾಲ ಇದ್ದ ಕಬ್ಬಿಣದ ತುಂಡನ್ನೂ ಬಿಡಬೇಕು. ತುಕ್ಕಿನ ಗಂಟುಗಳು ಸೀಸವನ್ನು ಹಿಡಿದಿಟ್ಟುಕೊಂಡು ಆಗಾಗ ಬಿಡುವವು. ಕಬ್ಬಿಣದ ಕೊಳವೆಯಾದರೆ ಮೊದಲು ಭೂಮಿಯೊಳಗಿನದು, ಅನಂತರ ಅಡಿಗೆಮನೆಯದು, ಕಡೆಗೆ ಬಚ್ಚಲು ಮತ್ತು ತೋಟದ್ದು, ಈ ಕ್ರಮದಲ್ಲಿ ಎರಡು ಮೂರು ವರ್ಷಗಳಲ್ಲಿ ಹಂಚಿಕೊಂಡು ಮಾಡಬಹುದು. ಹೀಗೆ ಮಾಡಿದರೆ ಖರ್ಚಿನ ಭಾರವು ಒಂದೇ ಸಾರಿ ಬೀಳುವದಿಲ್ಲ. ಆದರೆ ಒಂದೊಂದು ಭಾಗವನ್ನೂ ಕವಾಟದಿಂದ ಕವಾಟದ ವರೆಗೆ ಪೂರ್ಣವಾಗಿ ಮಾಡಬೇಕು. ನಡುವೆ ಹಳೆಯ ತುಂಡನ್ನು ಉಳಿಸಬಾರದು.

ಹಳೆಯ ಮನೆಯ ಗೋಡೆಯನ್ನು ಒಡೆಸುವದಕ್ಕೆ ಅನೇಕರು ಹೆದರುವರು. ಒಡೆಸಬೇಕಾದ ಅಗತ್ಯವಿಲ್ಲ. ಗೋಡೆಯೊಳಗಿನ ಹಳೆಯ ಕೊಳವೆಯ ಬಾಯಿಗಳನ್ನು ಮುಚ್ಚಿ ಅಲ್ಲಿಯೇ ಬಿಟ್ಟು, ಹೊಸ ಕೊಳವೆಯನ್ನು ಗೋಡೆಯ ಮೇಲೆ ಹಿಡಿಗಳಿಂದ ಕಟ್ಟಿಸಬಹುದು. ನೋಟಕ್ಕೆ ಅಷ್ಟು ಚೆಲುವಲ್ಲದಿದ್ದರೂ ಮುಂದೆ ಸೋರಿದಾಗ ಕೂಡಲೆ ಕಾಣುವದು. ಅದೇ ಅದರ ದೊಡ್ಡ ಗುಣ.

ತಣ್ಣೀರಿಗೆ ಯು.ಪಿ.ವಿ.ಸಿ. ಕೊಳವೆ ಸಾಕು, ಅದರ ಮಾನಕ ಐ.ಎಸ್. ೪೯೮೫. ಆದರೆ ಅದು ೪೫ ಡಿಗ್ರಿಗಿಂತ ಹೆಚ್ಚಿನ ಬಿಸಿಗೆ ತಕ್ಕುದಲ್ಲ. ಬಿಸಿನೀರಿಗೆ ಸಿ.ಪಿ.ವಿ.ಸಿ. ಬೇಕು, ಅದರ ಮಾನಕ ಐ.ಎಸ್. ೧೫೭೭೮. ಒಂದರ ಗೋಂದನ್ನು ಮತ್ತೊಂದಕ್ಕೆ ಹಚ್ಚಬಾರದು. ಬಿಸಿಲಿಗೆ ಬೀಳುವ ತುಂಡುಗಳಿಗೆ ಬಣ್ಣವನ್ನಾದರೂ ಹೊದಿಕೆಯನ್ನಾದರೂ ಕೊಡಬೇಕು. ಜಿ.ಐ. ಪೈಪನ್ನೇ ಬಯಸುವವರು ಅದರ ಮೇಲಿನ ಪಟ್ಟಿಯನ್ನು ನೋಡಿ ಕೊಳ್ಳಬೇಕು: ಹಳದಿಯದು ತೆಳು, ನೀಲಿಯದು ಮಧ್ಯಮ, ಕೆಂಪಿನದು ದಪ್ಪ. ಪ್ರತಿಯೊಂದು ಕೊಠಡಿಯ ಕವಲಿಗೂ ಒಂದು ಕವಾಟವನ್ನು ಹಾಕಿಸಿರಿ. ಮಣ್ಣಿನಿಂದಾಗಲಿ ಗಾರೆಯಿಂದಾಗಲಿ ಮುಚ್ಚುವ ಮೊದಲು ಒತ್ತಡದಿಂದ ನೀರು ತುಂಬಿಸಿ ಕೆಲವು ತಾಸು ನಿಲ್ಲಿಸಿ ನಿಮ್ಮ ಕಣ್ಣೆದುರಿಗೇ ಪರೀಕ್ಷೆ ಮಾಡಿಸಿರಿ. ಗೋಂದಿನ ವಾಸನೆ ಪೂರ್ತಿ ಹೋಗುವ ತನಕ ನೀರನ್ನು ಹರಿಸಿ, ಅನಂತರ ಕುಡಿಯಲು ಬಳಸಿರಿ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಹಳೆಯ ಮನೆಗಳಲ್ಲಿ ವಿದ್ಯುತ್ತಿನ ಅರ್ತಿಂಗ್ ತಂತಿಯನ್ನು ನೀರಿನ ಕಬ್ಬಿಣದ ಕೊಳವೆಗೇ ಕಟ್ಟಿರುವದುಂಟು. ಆ ಕೊಳವೆಯನ್ನು ತೆಗೆದು ಪ್ಲಾಸ್ಟಿಕ್ಕನ್ನು ಹಾಕಿದರೆ ಮನೆಯ ಅರ್ತಿಂಗೇ ಇಲ್ಲವಾಗುವದು; ಆಗ ದೋಷವುಳ್ಳ ಒಂದು ನೀರು ಕಾಯಿಸುವ ಯಂತ್ರವನ್ನು ಒದ್ದೆ ಕೈಯಿಂದ ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಕೊಳವೆಯ ಕೆಲಸಕ್ಕೆ ಮೊದಲು ವಿದ್ಯುತ್ ಕೆಲಸ ಬಲ್ಲವನನ್ನು ಕರೆಸಿ ಬೇರೆ ಅರ್ತಿಂಗನ್ನು ಮಾಡಿಸತಕ್ಕದ್ದು. ಎರಡನೆಯದು, ಮಳೆನೀರು ಇಳಿಯುವದಕ್ಕೆ ಹಾಕಿದ ಬೂದುಬಣ್ಣದ ಹಳೆಯ ಸಿಮೆಂಟು ಕೊಳವೆಗಳಲ್ಲಿ ಕಲ್ನಾರು ಇರುವ ಸಂಭವವುಂಟು. ಅದನ್ನು ಗರಗಸದಿಂದ ಕೊಯ್ಯುವದು, ಸುತ್ತಿಗೆಯಿಂದ ಪುಡಿಮಾಡುವದು ಸಲ್ಲದು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ವರ್ಷಗಳ ಮೇಲೆ ದೊಡ್ಡ ರೋಗವಾಗಬಹುದು. ತೆಗೆಯಲೇಬೇಕಾದರೆ ನೀರಿನಿಂದ ತೋಯಿಸಿ, ಅಖಂಡವಾಗಿಯೇ ಬಿಚ್ಚಿಸಬೇಕು.

ಅಲ್ಲಿಯ ವರೆಗೆ

ಹಣ ಒದಗುವ ತನಕ ಸುಮ್ಮನಿರಬೇಕೆಂದೇನೂ ಇಲ್ಲ. ಮುಂಜಾನೆ ಮೊದಲು ಬರುವ ನೀರನ್ನು, ಅದು ತಣ್ಣಗಾಗಿ ತಿಳಿಯಾಗುವ ತನಕ, ಬೇರೆ ಬಕೆಟ್ಟಿನಲ್ಲಿ ಹಿಡಿದು ನೆಲ ಒರಸುವದಕ್ಕೆ ಬಳಸಿರಿ. ಬಿಸಿನೀರಿನ ನಲ್ಲಿಯಿಂದ ಕುಡಿಯಲಿಕ್ಕೂ ಅಡಿಗೆಗೂ ನೀರನ್ನು ತೆಗೆಯಬೇಡಿರಿ. ಬಿಸಿನೀರು ಲೋಹವನ್ನು ಹೆಚ್ಚು ಕರಗಿಸುವದು. ಕುಡಿಯುವ ನೀರನ್ನು ಚೆನ್ನಾಗಿ ಮರಳುವಂತೆ ಕುದಿಸಿ, ಮುಚ್ಚಿಡಿರಿ. ಸೀಸವಿದೆಯೆಂದು ಪರೀಕ್ಷೆಯಿಂದ ತಿಳಿದಿದ್ದರೆ ಕುದಿಸುವದನ್ನು ನಂಬದೆ, ಮಕ್ಕಳಿಗೂ ಗರ್ಭಿಣಿಯರಿಗೂ ಬೇರೆ ನೀರನ್ನು ತರಿಸಿಕೊಡಿರಿ.

ಕಡೆಯದಾಗಿ ಒಂದು ಮಾತು. ಕೆಲಸ ಮುಗಿದ ದಿನ, ಕೊಳವೆಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ, ಕವಾಟಗಳು ಎಲ್ಲಿವೆ, ಯಾವ ವರ್ಷ ಯಾವ ಪೈಪು ಹಾಕಿಸಿತು ಎಂಬದನ್ನು ಒಂದು ಹಾಳೆಯಲ್ಲಿ ನಕ್ಷೆ ಬರೆದು ಮನೆಯ ಪತ್ರಗಳ ಜತೆಯಲ್ಲಿಡಿರಿ. ನಮ್ಮ ಮಾವನವರು ಅಂಥ ಒಂದು ಹಾಳೆಯನ್ನು ಬಿಟ್ಟುಹೋಗಿದ್ದರೆ, ಆ ಕೊಳವೆ ಚರಂಡಿಯ ಬದಿಯಲ್ಲಿದೆಯೆಂದು ನಮಗೆ ಮೊದಲೇ ತಿಳಿಯುತ್ತಿತ್ತು. ನಮ್ಮ ಮನೆಯ ನಕ್ಷೆಯನ್ನು ಮಗಳೇ ಬರೆದಳು. ಅತ್ತೆಯವರು ಅದನ್ನು ನೋಡಿ ಏನೂ ಹೇಳಲಿಲ್ಲ. ಹೊಸ ನಲ್ಲಿಯಿಂದ ಒಂದು ಚೊಂಬು ನೀರು ಹಿಡಿದು, ಬೆಳಕಿಗೆ ಎತ್ತಿ ನೋಡಿ, ಕುದಿಸಲು ಒಲೆಯ ಮೇಲಿಟ್ಟರು.